ಟಾಪ್ ಬದಲಿಸುವ ಮುಂಚೆ ನೀರಿನ ತೂತು ನೋಡಿ

ನಿಮ್ಮ 1999ರ ಮಾಜ್ಡಾ ಎಂಎಕ್ಸ್-5 ಕಾರಿನಲ್ಲಿ ಮಳೆ ಬಂದಾಗೆಲ್ಲ ಸೀಟಿನ ಹಿಂದೆ ಕಾರ್ಪೆಟ್ ಒದ್ದೆಯಾಗುತ್ತೆ, ಟಾಪ್ (ಮಡಚುವ ಬಟ್ಟೆಯ ಮಾಡು) ಬದಲಿಸಬೇಕಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ. ಬಟ್ಟೆ ಎಲ್ಲೂ ಹರಿದಿಲ್ಲ ಅಂತೀರಲ್ಲ, ಹಾಗಾದರೆ ನನಗೆ ಅನುಮಾನ ನೀರು ಹೋಗುವ ತೂತಿನ ಮೇಲೆಯೇ.

ಟಾಪ್ ಮೇಲಿನ ನೀರು ಹಿಂದಿರುವ ದೋಣಿಗೆ ಇಳಿಯುತ್ತೆ, ನಮ್ಮ ಮನೆ ಮಾಡಿನ ದೋಣಿ ಇದ್ದ ಹಾಗೆ. ಅಲ್ಲಿಂದ ಎರಡೂ ಬದಿಯ ಪೈಪಿನಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ಒಳಗೇ ಚೆಲ್ಲುತ್ತೆ.

ಟಾಪ್ ಅರ್ಧ ಮಡಚಿ, ಸೀಟ್ ಬೆಲ್ಟ್ ಕಂಬದ ಹಿಂದೆ ಟಾರ್ಚ್ ಬೆಳಕು ಬಿಡಿ, ತೂತು ಅಲ್ಲೇ ಇದೆ. ಕಂಡ ಕಸವನ್ನು ಮೊದಲು ಕೈಯಿಂದಲೇ ತೆಗೆಯಿರಿ, ಒಳಗೆ ತಳ್ಳಬೇಡಿ. ಆಮೇಲೆ ಹುಲ್ಲು ಕತ್ತರಿಸುವ ಮಷಿನ್‌ನ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತಿರುಗಿಸುತ್ತಾ ಇಳಿಸಿ. ಕಬ್ಬಿಣದ ತಂತಿ ಬೇಡವೇ ಬೇಡ, ಪೈಪ್ ಹರಿಯುತ್ತೆ. ಜೋರಾಗಿ ಗಾಳಿ ಹೊಡೆದರೆ ಜಾಯಿಂಟ್ ಕಳಚಬಹುದು. ನನ್ನ ಕಾರಿನಿಂದ ಕೊಳೆತ ಎಲೆಯ ಕಪ್ಪು ಗಸಿ ಒಂದು ಹಿಡಿಯಷ್ಟು ಬಂತು, ಹಿಂದೆಯೇ ನೀರು ದಬದಬ ಸುರಿಯಿತು!

ಕೊನೆಗೆ ತೂತಿಗೆ ಒಂದು ಲೋಟ ನೀರು ನಿಧಾನವಾಗಿ ಹಾಕಿ, ಎರಡೂ ಕಡೆ ಕೆಳಗೆ ಬೀಳುತ್ತಾ ನೋಡಿ. ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನೂ ಪೂರ್ತಿ ಒಣಗಿಸಿ. ಬಾಗಿಲ ಕೆಳಗಿನ ಸಿಲ್‌ಗೆ ತುಕ್ಕು ಹಿಡಿದರೆ ಖರ್ಚು ತುಂಬಾ ಜಾಸ್ತಿ.