ಅವ್ವನ ಕಥೆ ಸಿನಿಮಾ ಮಾಡ್ತೀನಿ ಅಂತ ಬಂದ ಹುಡುಗ

ಮೊದಲೇ ಹೇಳಿಬಿಡುತ್ತೇನೆ. ಊರು, ವಯಸ್ಸು, ಕೆಲಸ ಎಲ್ಲವನ್ನೂ ಅಲ್ಲಲ್ಲಿ ಬದಲಾಯಿಸಿದ್ದೇನೆ. ಬರೆದದ್ದನ್ನು ತಾಯಿ, ಮಗ ಇಬ್ಬರಿಗೂ ಓದಿ ಹೇಳಿದ್ದೇನೆ. ತಾಯಿ ಬೇಡ ಅಂದ ಸಂಗತಿಗಳು ಇಲ್ಲಿಲ್ಲ.

ಹುಡುಗ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಮನೆ ಗದಗ ಕಡೆ, ಮಗ್ಗಗಳಿರುವ ಒಂದು ಓಣಿಯಲ್ಲಿ. ನಾನು ಆಪ್ತಸಲಹೆಗಾರ್ತಿ, ಆದರೆ ಆಪ್ತಸಲಹೆ ಬೇಕು ಅಂತ ಅವನು ಬಂದಿರಲಿಲ್ಲ. ಹೆಂಡತಿಗೆ ಹೊಡೆಯುವ ಗಂಡಂದಿರ ಬಗ್ಗೆ ಒಂದು ಶಾರ್ಟ್ ಫಿಲ್ಮ್ ಮಾಡಬೇಕು, ಕಾನೂನಿನ ವಿಷಯ ತಪ್ಪಾಗಬಾರದು, ಸ್ವಲ್ಪ ಹೇಳಿಕೊಡ್ರಿ ಮೇಡಂ ಅಂತ ಬಂದಿದ್ದ. ಸ್ಟುಡಿಯೋದ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಸೀನ್ ಬರೆದುಕೊಂಡಿದ್ದ. ಮೊದಲ ಸೀನು: ಒಲೆ ಮುಂದೆ ಒಡೆದ ಹಸಿರು ಬಳೆ, ಹಿಂದಿನಿಂದ ಕೊಳಲು. ಎರಡನೇದು: ಗಂಡ ಕುಡಿದು ಬಾಗಿಲು ಒದೆಯುತ್ತಾನೆ. ಮೂರನೇದರ ಎದುರಿಗೆ 'ಒರಿಜಿನಲ್ ಆಡಿಯೋ' ಅಂತ ಬರೆದು ಎರಡು ಗೆರೆ ಎಳೆದಿದ್ದ.

ಒರಿಜಿನಲ್ ಅಂದ್ರೆ ಏನು ಅಂತ ಕೇಳಿದೆ. ಫೋನ್ ತೆಗೆದು ಹಚ್ಚಿದ. ಗಂಡಸೊಬ್ಬ ಕೂಗುವುದು, ಪಾತ್ರೆ ಬೀಳುವುದು, ಆಮೇಲೆ ಒಂದು ಹೆಣ್ಣುದನಿ, ಅರ್ಧಕ್ಕೇ ನಿಂತು ಹೋಗುವಂಥದ್ದು. 'ಇದು ನಮ್ಮ ಅವ್ವರೀ. ಗ್ವಾಡಿ ಈ ಕಡೆ ನಿಂತು ರೆಕಾರ್ಡ್ ಮಾಡೀನಿ' ಅಂದ.

ಅಲ್ಲಿಗೆ ಸಿನಿಮಾದ ಮಾತು ಪಕ್ಕಕ್ಕಿಟ್ಟೆವು. ಇದು ಯಾವಾಗ ಆದದ್ದು, ಅವ್ವ ಈಗ ಎಲ್ಲಿದ್ದಾರೆ, ಈ ಸಿನಿಮಾ ವಿಷಯ ಅವರಿಗೆ ಗೊತ್ತಾ ಅಂತ ಕೇಳಿದೆ. ಅವ್ವ ಮನೆಯಲ್ಲೇ ಇದ್ದಾರೆ, ಅಪ್ಪನೂ ಅಲ್ಲೇ. ಸಿನಿಮಾ ವಿಷಯ ಅವ್ವನಿಗೆ ಗೊತ್ತಿಲ್ಲ. ಮುಗಿದ ಮೇಲೆ ತೋರಿಸಿ ಸರ್‌ಪ್ರೈಸ್ ಕೊಡಬೇಕು ಅಂತ ಇದ್ದನಂತೆ. ಶೂಟಿಂಗ್ ತಮ್ಮದೇ ಅಡಿಗೆ ಮನೆಯಲ್ಲಿ, ಅವ್ವನದೇ ಸೀರೆ, ಅವ್ವ ಸೋಬಾನೆಗೆ ಹೋದಾಗ ಹಾಡುವ ಪದವೇ ಹಿನ್ನೆಲೆಗೆ. ಇಷ್ಟೆಲ್ಲಾ ಯಾಕೆ ಅಂದರೆ, 'ಅಪ್ಪ ಒಂದ್ಸಲ ನೋಡಿದ್ರ ಸಾಕ್ರೀ ಮೇಡಂ, ನಾಚಿಕಿ ಬಂದು ಬಿಟ್ಟುಬಿಡ್ತಾನ' ಅಂದ.

ಈ ನಂಬಿಕೆಯನ್ನು ನಾನು ಬಹಳ ಕಡೆ ನೋಡಿದ್ದೇನೆ. ಬೀದಿನಾಟಕ ಆಡುವವರಲ್ಲಿ, ಜಾಗೃತಿ ಹಾಡು ಕಟ್ಟುವವರಲ್ಲಿ, ಕಾಲೇಜಿನ ಹುಡುಗರಲ್ಲಿ. ಹೊಡೆಯುವವನಿಗೆ ಅವನ ಮುಖ ತೋರಿಸಿದರೆ ತಿದ್ದಿಕೊಳ್ಳುತ್ತಾನೆ ಅಂತ. ಆದರೆ ಮನೆ ವಿಷಯ ಹೊರಗೆ ಬಂದಾಗ ಅಂಥ ಗಂಡಸು ಮೊದಲು ಕೇಳುವ ಪ್ರಶ್ನೆ 'ನಾನು ಹಿಂಗ ಮಾಡೀನೇನು' ಅಲ್ಲ, 'ಹೊರಗ ಯಾರು ಹೇಳಿದ್ರು' ಅನ್ನೋದು. ಆ ಹೊತ್ತಿಗೆ ಅವನ ಕೈಗೆ ಸಿಗುವವಳು ಯಾರು ಅಂತ ಹುಡುಗನನ್ನೇ ಕೇಳಿದೆ. ಅವನು ಬಿಲ್ ಬುಕ್ ಮುಚ್ಚಿದ.

ಸಣ್ಣವನಿದ್ದಾಗ ಇಂಥ ಹೊತ್ತಲ್ಲಿ ಏನು ಮಾಡ್ತಿದ್ದೆ ತಮ್ಮಾ ಅಂದೆ. 'ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದೆ ರೀ. ಹಾಡಿನ ಚಾನೆಲ್ ಹಚ್ಚಿ.' ತಂಗಿಗೆ ಕೇಳಬಾರದು ಅಂತ. ಈಗ ಅದೇ ದನಿಯನ್ನು ಊರಿಗೆಲ್ಲಾ ಕೇಳಿಸಬೇಕು ಅಂತ ಹೊರಟಿದ್ದಾನೆ. ಸಿಟ್ಟಿಗೆ, ಸಂಕಟಕ್ಕೆ ಎಲ್ಲೋ ಒಂದು ದಾರಿ ಬೇಕಲ್ವಾ. ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ನೋಡಿದ್ದು, ಕೇಳಿದ್ದು ಕೂಡ ಏಟೇ. ಅವನಿಗೆ ಬೇರೆಯಾಗಿ ಕೂತು ಮಾತಾಡುವ ಸಮಯ ಕೊಟ್ಟೆ, ಅದು ಇನ್ನೂ ನಡೆದಿದೆ, ಅದರ ವಿವರ ಅವನದ್ದು.

ತಾಯಿ ಬಂದರು. ಮಗನನ್ನು ಹೊರಗೆ ಕೂಡಿಸಿದೆ. ಮಾತಾಡಿದರೆ ದನಿ ಒಡೆದು ಬರುತ್ತಿತ್ತು. ಕೇಳಿದ್ದಕ್ಕೆ 'ಗಂಟಲ ಕಟ್ಟೈತ್ರೀ ಅಕ್ಕಾರ, ಥಂಡಿಗೆ' ಅಂದರು. ಒಂದು ಗುಟುಕು ಚಹಾ ನುಂಗುವಾಗ ಮುಖ ಕಿವುಚಿದರು. ಎಷ್ಟು ದಿನದಿಂದ ಅಂದೆ. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವಿದರು. ಆಮೇಲೆ, 'ಒತ್ತಿದ್ದರೀ' ಅಂದರು. ಅಷ್ಟೇ.

ಇದು ಮಗನ ಬಿಲ್ ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಅವನ ಸಿನಿಮಾದಲ್ಲಿ ಕಪಾಳಕ್ಕೆ ಹೊಡೆತ ಇತ್ತು, ಬಾಟಲಿ ಇತ್ತು, ಬಳೆ ಇತ್ತು. ನಾವು ಸಿನಿಮಾದಲ್ಲಿ ನೋಡಿ ಕಲಿತ ಹಿಂಸೆ ಅದು, ಕಣ್ಣಿಗೆ ಕಾಣುವಂಥದ್ದು. ಕುತ್ತಿಗೆ ಒತ್ತಿದರೆ ಎಷ್ಟೋ ಸಲ ಹೊರಗೆ ಗುರುತೇ ಇರುವುದಿಲ್ಲ. ದನಿ ಬದಲಾಗುವುದು, ನುಂಗಲು ಕಷ್ಟ, ತಲೆ ಸುತ್ತು, ಅಷ್ಟೇ. ಆದರೆ ಕುತ್ತಿಗೆಗೆ ಕೈ ಹಾಕಿದ ಗಂಡ ಮುಂದೆ ಜೀವ ತೆಗೆಯುವ ಸಾಧ್ಯತೆ ಬಹಳ ಜಾಸ್ತಿ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಕಾನೂನು, ಸಿನಿಮಾ, ಸಂಸಾರ ಎಲ್ಲಾ ಆಮೇಲೆ, ಮೊದಲು ಡಾಕ್ಟರು ಅಂದೆ. ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ, 'ಥಂಡಿ ಅಂತ ಹೇಳಬೇಡ್ರಿ, ಕುತ್ತಿಗೆ ಒತ್ತಿದ್ದಾರೆ ಅಂತಲೇ ಹೇಳ್ರಿ, ಚೀಟಿ ಮೇಲೆ ಅದೇ ಬರೀಲಿ' ಅಂತ ಹೇಳಿ.

ಎರಡನೇ ಸಲ ಬಂದಾಗ ಉಳಿದದ್ದು ಹೊರಗೆ ಬಂತು. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಅವರ ಹೆಸರಿಗೇ ಬರುತ್ತದೆ, ಎಟಿಎಂ ಕಾರ್ಡ್ ಗಂಡನ ಹತ್ತಿರ. ಸಂಘದಲ್ಲಿ ತೆಗೆದ ಸಾಲವನ್ನೂ ಅವನೇ ಒಯ್ದಿದ್ದ, ಕಂತು ಮಾತ್ರ ಇವರು ಕಟ್ಟುತ್ತಿದ್ದರು. ಹಾಡಲು ಕರೆದರೆ ಹೋಗುವಂತಿಲ್ಲ. ಅವರಿಗೆ ಬಹಳ ನೋವಾದದ್ದು ಇದೇ. 'ಹೊಡದದ್ದು ಮಾಯ್ತದರೀ, ಪದ ಬಿಡಂದ್ರ ಹೆಂಗ ಬಿಡೂದು' ಅಂದರು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಹೊಡೆತ ಒಂದೇ ಅಲ್ಲ, ಬೈಗುಳ, ಅವಮಾನ, ಲೈಂಗಿಕ ಹಿಂಸೆ, ದುಡ್ಡು ಕಸಿಯುವುದು ಎಲ್ಲವನ್ನೂ ಅದು ದೌರ್ಜನ್ಯ ಅಂತಲೇ ಹೇಳುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಅವಳಿಗೆ ಇದೆ. 'ಮನಿ ಅವನ ಹೆಸರಿಲೆ ಐತಿ, ನಾ ಎಲ್ಲಿ ಹೋಗಲಿ' ಅಂತ ಅಳುವ ಹೆಂಗಸರಿಗೆ ಈ ಒಂದು ಮಾತು ಹೇಳಿದರೆ ಮುಖ ಬದಲಾಗುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಈ ಕಾಯ್ದೆಯ ಸಂರಕ್ಷಣಾಧಿಕಾರಿ ಆಗಿರುತ್ತಾರೆ. ಅವರ ಹತ್ತಿರ ಹೋದರೆ ನಡೆದದ್ದನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ. ಕೋರ್ಟಿನ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟು ಹೇಳಿ ಸುಮ್ಮನಾದೆ. ಮುಂದೆ ಹೋಗುವುದು ಬಿಡುವುದು ಅವರ ತೀರ್ಮಾನ. ಬರೆಸ್ತೀನಿ ಅಂದರು, ಬರೆಸಿದರು. ಸದ್ಯಕ್ಕೆ ಅಕ್ಕನ ಮನೆಯಲ್ಲಿ ಇದ್ದಾರೆ. ಅಲ್ಲಿಗೆ ಹೋಗುವ ತನಕದ ದಿನಗಳಿಗೆ ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಡಾಕ್ಟರ ಚೀಟಿ ಒಂದು ಕೈಚೀಲದಲ್ಲಿ, ಆ ಚೀಲ ಮನೆಯಲ್ಲಿ ಅಲ್ಲ, ಸಂಘದ ಗೆಳತಿಯ ಹತ್ತಿರ. ಜಗಳ ಶುರುವಾದರೆ ಅಡಿಗೆ ಮನೆಗೆ ಹೋಗುವುದು ಬೇಡ, ಅಲ್ಲಿ ಈಳಿಗೆ, ಚಾಕು, ಒಲೆ ಇರುತ್ತದೆ. ಹೊರಬಾಗಿಲ ಕಡೆಗೆ ಇರುವುದು. ಮಗ ಅಪ್ಪನ ಮೈಮೇಲೆ ಹೋಗಬಾರದು, 112ಕ್ಕೆ ಫೋನ್ ಮಾಡಬೇಕು. ಸಲಹೆ, ಇರಲು ಜಾಗ ಬೇಕಿದ್ದರೆ 181.

ಪಕ್ಕದ ಮನೆಯವರಿಗೆ ಕೂಗಿದರೆ ಕೇಳುತ್ತದಾ ಅಂದೆ. 'ಮಗ್ಗ ನಡದಿರ್ತಾವಲ್ರೀ, ಏನೂ ಕೇಳೂದಿಲ್ಲ' ಅಂದರು. ಅದಕ್ಕೆ ಕೂಗು ಬಿಟ್ಟು ಮಿಸ್ಡ್ ಕಾಲ್ ಇಟ್ಟುಕೊಂಡೆವು. ಎರಡು ಸಲ ಮಿಸ್ಡ್ ಕಾಲ್ ಬಂದರೆ ಆ ಗೆಳತಿ 'ಹೆಪ್ಪಿಗೆ ಮೊಸರು ಕೊಡ್ರಿ' ಅಂತ ಬಾಗಿಲಿಗೆ ಬರಬೇಕು. ಸುಮ್ನೆ ಬಂದು ನಿಲ್ಲುವುದು, ಅಷ್ಟೇ.

ಈ ಉಪಾಯ ನನ್ನದಲ್ಲ. 2008ರಲ್ಲಿ ಬ್ರೇಕ್‌ಥ್ರೂ ಅನ್ನುವ ಸಂಸ್ಥೆ 'ಬೆಲ್ ಬಜಾವೋ' ಅಂತ ಚಿಕ್ಕಚಿಕ್ಕ ಜಾಹೀರಾತು ಚಿತ್ರ ಮಾಡಿತ್ತು. ಹುಡುಗನಿಗೆ ಅವನ್ನು ತೋರಿಸಿದೆ. ಒಂದರಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಒಂದು ಮನೆಯೊಳಗಿಂದ ಹೊಡೆಯುವ ಸದ್ದು ಕೇಳುತ್ತದೆ, ಒಬ್ಬ ಹೋಗಿ ಬೆಲ್ ಒತ್ತಿ ಚೆಂಡು ಕೇಳುತ್ತಾನೆ. ಹೊಡೆತ ಕಾಣುವುದಿಲ್ಲ, ಹೆಂಗಸಿನ ಗಾಯ ಕಾಣುವುದಿಲ್ಲ. ಎಡಿಟರ್ ಅಲ್ವಾ, ಅವನಿಗೆ ತಟ್ಟನೆ ಹೊಳೆಯಿತು. 'ಕ್ಯಾಮೆರಾ ಹೊರಗ ಐತ್ರೀ' ಅಂದ. ಹೌದು, ಕ್ಯಾಮೆರಾ ಹೊಸ್ತಿಲ ಹೊರಗೆ ಇದೆ, ನೋಡುತ್ತಿರುವ ನಾವೂ ಅಲ್ಲೇ ಇದ್ದೇವೆ, ಏನು ಮಾಡಬೇಕು ಅನ್ನುವ ಪ್ರಶ್ನೆ ನಮಗೇ ಬಂದು ಬೀಳುತ್ತದೆ.

ಇದು ಯಾಕೆ ಮುಖ್ಯ ಅಂದರೆ, ನಮ್ಮ ನೋಡುಗರು ಯಾರು ಅಂತ ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ, ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೊಡೆದರೆ ಸರಿ ಅಂದವರು ಹೆಂಗಸರಲ್ಲಿ ಸುಮಾರು 77, ಗಂಡಸರಲ್ಲಿ ಸುಮಾರು 82. ಇಂಥವರ ಮುಂದೆ ಕಪಾಳಕ್ಕೆ ಹೊಡೆಯುವ ಸೀನ್ ಇಟ್ಟರೆ ಅರ್ಧ ಜನ 'ಅಕಿ ಏನ್ ಮಾಡಿದ್ಳೋ' ಅಂತಲೇ ನೋಡುತ್ತಾರೆ. ಕಂಪನಿ ನಾಟಕದಲ್ಲಿ ಹೆಂಡತಿಗೆ ಬೀಳುವ ಏಟಿಗೆ ಚಪ್ಪಾಳೆ ತಟ್ಟಿ ನಕ್ಕು ಬೆಳೆದವರು ನಾವು. ಅದರ ಹಿಂದೆ ಕೊಳಲು ಬೇರೆ ಬಾರಿಸಿದರೆ ಏಟು ಚಂದ ಕಾಣುತ್ತದೆ, ಅಷ್ಟೇ ಆಗುವುದು.

ಹುಡುಗನಿಗೆ ಕೊಟ್ಟ ಸಲಹೆ ಹೀಗಿತ್ತು. ಆ ಆಡಿಯೋ ಸಿನಿಮಾಕ್ಕೆ ಬೇಡವೇ ಬೇಡ. ಅದನ್ನು ಕತ್ತರಿಸಬೇಡ, ಸ್ವಚ್ಛ ಮಾಡಬೇಡ, ಯಾರಿಗೂ ಕಳಿಸಬೇಡ, ರೆಕಾರ್ಡ್ ಆದ ಫೋನ್ ಮಾರಬೇಡ. ತಾರೀಖು ಬರೆದಿಟ್ಟು ವಕೀಲರಿಗೆ ತೋರಿಸು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ, ಅವರು ಮಾಡಿಸುತ್ತಾರೆ. ಇನ್ನು ಕಥೆ. ಅದು ಅವ್ವನದ್ದು. ಗಂಡ ಹೆಂಡತಿಯಲ್ಲಿ ಒಬ್ಬರು ಕೇಳಿಕೊಂಡರೆ, ಕೋರ್ಟಿಗೂ ಸರಿ ಅನ್ನಿಸಿದರೆ, ಇಂಥ ಪ್ರಕರಣವನ್ನು ಮುಚ್ಚಿದ ಬಾಗಿಲೊಳಗೆ ನಡೆಸಬಹುದು ಅಂತ ಕಾನೂನೇ ಹೇಳುತ್ತದೆ. ಅಂಥದ್ದನ್ನು ನೀನು ಪರದೆ ಮೇಲೆ ಬಿಚ್ಚಬೇಕಾದರೆ ಅವರನ್ನು ಕೇಳಬೇಕು, ಒಂದು ಸಲ ಹೂಂ ಅಂದರೂ ಎಡಿಟ್ ಆದ ಮೇಲೆ ಮತ್ತೆ ಕೇಳಬೇಕು, ಆಗ ಬೇಡ ಅಂದರೆ ಬೇಡ. ಮನೆ, ಸೀರೆ, ಓಣಿ, ಪದ ಯಾವುದೂ ಗುರುತು ಸಿಗುವಂತೆ ಇರಬಾರದು. ಸ್ವಲ್ಪ ಒರಟಾಗಿಯೇ ಹೇಳಿದೆ, ಯಾಕಂದರೆ ಮಕ್ಕಳು ಪ್ರೀತಿಯಿಂದಲೇ ಈ ಕೆಲಸ ಮಾಡುತ್ತಾರೆ, ಬೇಡ ಅನ್ನಲು ತಾಯಂದಿರಿಗೆ ಬಾಯಿ ಬರುವುದಿಲ್ಲ.

ಅವ್ವ ಮಾತ್ರ ಬೇಡ ಅಂದರು. ಚೊಕ್ಕಾಗಿ ಅಂದರು. 'ನನ್ನ ಸಿನಿಮಾ ಬ್ಯಾಡಪಾ. ಬೇಕಾದ್ರ ಎಲ್ಲಾರೂ ಕೂಡಿ ಒಂದು ಪದಾ ಕಟ್ತೀವಿ, ಅದನ್ನ ತುಂಬಿಕೋ.'

ಸಂಘದ ಹೆಂಗಸರು ಕೂತು ಕಟ್ಟಿದರು. ಬೀಸುವ ಕಲ್ಲಿನ ಧಾಟಿ, ಎಲ್ಲರಿಗೂ ಬರುವಂಥದ್ದು. ಗಂಡನ ಮನೆಯ ಸಂಕಟವನ್ನು ತ್ರಿಪದಿಗೆ ಹಾಕುವುದು ಈ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ತಿದ್ದುತ್ತಿದ್ದರು, ಯಾರ ಸಾಲು ಯಾರದ್ದು ಅಂತ ಕೊನೆಗೆ ಅವರಿಗೇ ಗೊತ್ತಿರಲಿಲ್ಲ. ಅದೇ ನಮಗೆ ಬೇಕಾಗಿದ್ದು. ಒಂದು ನುಡಿ ಬರೆಯಲು ಒಪ್ಪಿದ್ದಾರೆ:

ಹೊಡೆದ ಕೈ ಗುರುತ ಸೆರಗೀಲಿ ಮುಚ್ಚೇನ
ನಡೆದ ಮಾತ ಹ್ಯಾಂಗ ಮುಚ್ಚಲೇ ಗೆಳತೆವ್ವ
ಒಡೆದ ಬಳಿಚೂರು ನುಡಿದಾವ

ಮಗ ದನಿ ಮಾತ್ರ ತುಂಬಿಕೊಂಡ, ಒಂದೂ ಮುಖ ಇಲ್ಲ. ಡಾಕ್ಟರು ಗಂಟಲಿಗೆ ವಿಶ್ರಾಂತಿ ಹೇಳಿದ್ದರಿಂದ ಅವ್ವ ಮುಮ್ಮೇಳ ಹಿಡಿಯಲಿಲ್ಲ, ಹಿಂದೆ ಕೂತು ತಾಳ ಹಾಕಿದರು.

ಆ ಪದವನ್ನು ಈಗ ಬೇರೆ ಊರುಗಳ ಸಂಘದವರೂ ಕೇಳುತ್ತಿದ್ದಾರೆ. ಕೊಡುವಾಗ ಹುಡುಗ ಕೆಲವು ಷರತ್ತು ಹಾಕುತ್ತಾನೆ, ನಾವಿಬ್ಬರೂ ಕೂತು ಮಾಡಿದ್ದು. ಗಂಡ ಹೆಂಡತಿಯನ್ನು ಒಟ್ಟಿಗೆ ಕೂಡಿಸಿ ಹಚ್ಚಬೇಡಿ. ಹಾಡು ಮುಗಿದ ಮೇಲೆ 'ಯಾರಿಗೆ ಹಿಂಗ ಆಗೇತಿ, ಕೈ ಎತ್ರಿ' ಅಂತ ಕೇಳಬೇಡಿ. ನಂಬರು ಬರೆದ ಚೀಟಿಯನ್ನು ಎಲ್ಲರಿಗೂ ಕೊಡಿ, ಆಗ ಯಾರು ತಗೊಂಡರು ಅನ್ನುವ ಮಾತೇ ಬರುವುದಿಲ್ಲ, ಮತ್ತೆ ಆ ಚೀಟಿಯ ಮುಂಬದಿಯಲ್ಲಿ ರೇಷನ್ನಿನದೋ ಗ್ಯಾಸಿನದೋ ವಿಷಯ ಇರಲಿ. ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದಿಂದ ಒಬ್ಬರನ್ನು ಕರೆಸಿ, ಅವರು ಬಂದು ಕೂತ ಮೇಲೆಯೇ ಹಾಡು ಹಚ್ಚಿ. ಅವರು ಬರಲಾಗದ ದಿನ ಹಾಡು ಬೇಡ, ಸಭೆ ಮುಂದಕ್ಕೆ ಹಾಕಿ.