ಥ್ರಿಫ್ಟ್ ಸ್ಟೋರ್ ಇಲ್ಲದಿದ್ದರೇನು? ಗುಜರಿ ಅಂಗಡಿ, ಟೈಲರ್ ಚೀಲ, ಅವ್ವನ ಟ್ರಂಕು ಇವೆಯಲ್ಲ

ನೀವು ಕೇಳಿರುವುದು ಇಷ್ಟು: ಅಮೆರಿಕದವರು ಥ್ರಿಫ್ಟ್ ಸ್ಟೋರಿನಿಂದ, ಅಂದರೆ ಬಳಸಿದ ವಸ್ತು ಮಾರುವ ಅಂಗಡಿಯಿಂದ, ಹಳೆ ಸಾಮಾನು ತಂದು, ಮಕ್ಕಳ ಜೊತೆ ಕೂತು ಏನೇನೋ ಮಾಡುವ ವಿಡಿಯೋ ನೋಡುತ್ತೀರಿ. ನಮ್ಮಲ್ಲಿ ಅಂಥ ಅಂಗಡಿ ಕಾಣಿಸುವುದಿಲ್ಲ. ಕ್ರಾಫ್ಟ್ ಕಿಟ್ ಕೊಳ್ಳೋಣ ಅಂದರೆ ಒಂದಕ್ಕೆ ಆರೇಳು ನೂರು ರೂಪಾಯಿ. ಮಕ್ಕಳಿಗೆ 7 ಮತ್ತು 11 ವರ್ಷ, ರಜೆ ಶುರುವಾಗುತ್ತಿದೆ, ಏನು ಮಾಡಬಹುದು? ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಬೇರೆಯವರು ಬಳಸಿದ್ದನ್ನು ಮನೆಗೆ ತರಲು ಅತ್ತೆ ಒಪ್ಪುವುದಿಲ್ಲ ಅಂತ.

ಅತ್ತೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲೂ ಅದೇ ಕಥೆ ಆಗಿತ್ತು. ನಾನು ಧಾರವಾಡ ಕಡೆಯವಳು, ಮದುವೆಯಾಗಿ ಬೆಂಗಳೂರಿಗೆ ಬಂದವಳು. ಮೊದಲ ಸಲ ಗುಜರಿಯಿಂದ ಒಂದು ಮಣೆ ತಂದಾಗ ಅತ್ತೆ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. "ಹುಟ್ಟಿದ ಕೂಸಿಗೆ ಮೊದಲು ಸುತ್ತೋದೇ ಹಳೆ ಬಟ್ಟೆ ಅಲ್ವಾ ಅತ್ತೆ?" ಅಂತ ಕೇಳಿದೆ. "ಅದು ನಮ್ಮನೆಯವ್ರದ್ದು ಕಣಮ್ಮ, ಯಾರದ್ದೋ ಅಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬಟ್ಟೆ ಮಾತ್ರ ನಮ್ಮ ಮನೆಯದು, ನೆಂಟರ ಮನೆಯದು ಅಥವಾ ಟೈಲರ್ ಹತ್ತಿರ ಉಳಿದ ಹೊಸ ಚಿಂದಿ. ಮರ, ಹಿತ್ತಾಳೆ, ಪುಸ್ತಕ ಹೊರಗಿನದಾದರೂ ಪರವಾಗಿಲ್ಲ, ತೊಳೆದು ಬಿಸಿಲಿಗೆ ಇಟ್ಟು ಒಳಗೆ ತರಬೇಕು. ಆರು ವರ್ಷದಿಂದ ಹೀಗೇ ನಡೆದಿದೆ. ನೀವೂ ಜಗಳಕ್ಕೆ ಹೋಗಬೇಡಿ, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಅವರನ್ನೇ ಕೇಳಿ.

ಇನ್ನು ಎಲ್ಲಿ ಸಿಗುತ್ತದೆ ಅನ್ನುವುದು. ಬೆಂಗಳೂರಾದರೆ ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಸಂಡೆ ಬಜಾರ್ ಇರುತ್ತದೆ. ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಅವುಗಳ ಮುಂದೆ ನೆಲದ ಮೇಲೆ ಟಾರ್ಪಾಲು ಹಾಸಿ ಹಳೆ ಗಡಿಯಾರ, ಬೀಗ, ಫ್ರೇಮು, ಸ್ಕ್ರೂಡ್ರೈವರ್, ಒಂಟಿ ಶೂ ಎಲ್ಲಾ ಇಟ್ಟಿರುತ್ತಾರೆ. ಬೇಗ ಹೋದರೆ ಒಳ್ಳೆಯದು ಸಿಗುತ್ತದೆ. ಫೋನು, ಪರ್ಸು ಮುಂದಿನ ಜೇಬಿನಲ್ಲಿರಲಿ. ಹಳೆ ಪುಸ್ತಕಕ್ಕೆ ಅವೆನ್ಯೂ ರಸ್ತೆ. ಬೇರೆ ಊರಾದರೆ ಗುಜರಿ ಅಂಗಡಿ ಇಲ್ಲದ ಪೇಟೆ ಯಾವುದಿದೆ? ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆ ಜಾಗ ಲೇಡೀಸ್ ಟೈಲರ್ ಅಂಗಡಿ. ಮಿಷನ್ ಕೆಳಗೆ ಒಂದು ಗೋಣಿಚೀಲ ಇದ್ದೇ ಇರುತ್ತದೆ. ಬ್ಲೌಸ್ ಕತ್ತರಿಸಿ ಉಳಿದ ತುಂಡು, ಫಾಲ್ ತುದಿ, ಲೈನಿಂಗ್ ಬಟ್ಟೆ. ನಮ್ಮ ಟೈಲರಮ್ಮ ಮೊದಲ ಸಲ ಸುಮ್ನೆ ಕೊಟ್ಟರು. ಎರಡನೇ ಸಲ ನಾನೇ ಐವತ್ತು ರೂಪಾಯಿ ಕೊಟ್ಟೆ, ಈಗ ಹಬ್ಬದ ಸೀಸನ್ ಮುಗಿದ ಮೇಲೆ ಅವರೇ ಫೋನ್ ಮಾಡುತ್ತಾರೆ.

ಒಂದು ತಪ್ಪು ಮಾಡಬೇಡಿ, ನಾನು ಮಾಡಿದ್ದು. ಮೊದಲ ವರ್ಷ ಚೆಂದ ಕಂಡಿದ್ದೆಲ್ಲ ತಂದೆ. ಗಾಜಿನ ಬಾಟಲಿ ಇಪ್ಪತ್ತು, ಬಾಗಿದ ಫ್ರೇಮು ಆರು, ಕಿವಿ ಮುರಿದ ಕಪ್ಪು ಒಂದು ಡಜನ್. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ, ಅಗ್ಗ ಅಂತ ತಂದಿದ್ದೆ ಅಷ್ಟೇ. ಎಲ್ಲಾ ಅಟ್ಟ ಸೇರಿತು. ಮುಂದಿನ ದೀಪಾವಳಿಗೆ ಮನೆ ಒರೆಸುವಾಗ ಯಜಮಾನರು ಅದನ್ನು ಅದೇ ಗುಜರಿಯವನಿಗೆ ತೂಕಕ್ಕೆ ಹಾಕಿ ಬಂದರು. ಕೊಟ್ಟದ್ದು ಆರುನೂರರ ಹತ್ತಿರ, ಬಂದದ್ದು ನಲವತ್ತು. ಈಗ ಏನು ಮಾಡುತ್ತೇವೆ ಅನ್ನುವುದು ಮೊದಲು ತೀರ್ಮಾನ, ಆಮೇಲೆ ಪೇಟೆ. ಮಾಡಿದ ವಸ್ತು ಮನೆಯಲ್ಲಿ ದಿನಾ ಬಳಕೆಗೆ ಬರಬೇಕು. ಶೋಕೇಸಿಗೆ ಇಡುವ ಬಾಟಲಿ ಪೇಂಟಿಂಗ್ ನನಗಂತೂ ಬೇಡ.

ಒಪ್ಪಂದ ಆದ ಮೇಲೆ ತಂದ ಮೊದಲ ಒಳ್ಳೆ ವಸ್ತು ಒಂದು ಅಳಗುಳಿಮಣೆ, ನಿಮ್ಮ ಕಡೆ ಚನ್ನೆಮಣೆ ಅನ್ನಬಹುದು. ಮಧ್ಯಕ್ಕೆ ಸೀಳು ಬಿಟ್ಟಿತ್ತು, ಗುಂಡಿಗಳಲ್ಲಿ ಎಣ್ಣೆ ಜಿಡ್ಡು. ಮಾರುವವನು ಅದನ್ನು ಮಸಾಲೆ ತಟ್ಟೆ ಅಂದುಕೊಂಡಿದ್ದ, ಮುನ್ನೂರು ಹೇಳಿದ. ಸೀಳು ತೋರಿಸಿ ನೂರೈವತ್ತಕ್ಕೆ ತಂದೆ. ಮಕ್ಕಳು ಸೀಗೆಪುಡಿ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಗುಂಡಿ ಗುಂಡಿ ಉಜ್ಜಿದರು. ಪೂರ್ತಿ ಒಣಗಿದ ಮೇಲೆ ಉಪ್ಪು ಕಾಗದ ಹಿಡಿದೆವು. ಸೀಳಿಗೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿ, ಮೇಲೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿದೆವು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಹರವಿ ಒಣಗಿಸಿ. ಸಾಲಿಗೆ ಏಳರಂತೆ 14 ಗುಂಡಿ, ಒಂದಕ್ಕೆ ನಾಲ್ಕು ಕಾಳು, ಒಟ್ಟು 56 ಹುಣಸೆ ಬೀಜ. ಹಳಬರು ಗುಲಗಂಜಿ ಹಾಕಿ ಆಡುತ್ತಿದ್ದರು, ಕೆಂಪಗೆ ಚೆಂದ ಇರುತ್ತದೆ, ಆದರೆ ಅದು ವಿಷದ ಬೀಜ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹುಣಸೆ ಬೀಜವೇ ಸರಿ. ಮಣೆ ಸಿಗದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿ. ನಮಗೆ ಸಿಕ್ಕಿದ ಟ್ರೇಯಲ್ಲಿ ಸಾಲಿಗೆ ಆರೇ ಗುಂಡಿ ಇತ್ತು, ಏಳನೆಯದನ್ನು ತುದಿಗೆ ಅಂಟಿಸಿಕೊಂಡೆವು. ನಿಮ್ಮ ಏಳು ವರ್ಷದವರಿಗೆ ಇದಕ್ಕಿಂತ ಒಳ್ಳೆ ಲೆಕ್ಕದ ಪಾಠ ಇಲ್ಲ.

ಈಗ ಕಾಗದದ ಬುಟ್ಟಿ. ರಜೆಗೆ ಇದೇ ನನ್ನ ಮೊದಲ ಸಲಹೆ, ಯಾಕೆಂದರೆ ಕೊಳ್ಳಬೇಕಾದದ್ದು ಮೆಂತ್ಯ ಒಂದೇ. ಬಿದಿರಿನ ಮೊರಕ್ಕೆ, ಬುಟ್ಟಿಗೆ ಮೆಂತ್ಯ ಅರೆದು ಸವರುತ್ತಿದ್ದುದು ನಿಮ್ಮ ಅತ್ತೆಗೆ ನೆನಪಿರಬಹುದು, ಸಂದಿ ಮುಚ್ಚಿಕೊಳ್ಳಲಿ ಅಂತ. ಅದೇ ವಿದ್ಯೆ ಇದು. ನೆನೆದ ಮೆಂತ್ಯದ ಲೋಳೆ ಒಣಗಿದರೆ ಗೋಂದಿನ ಹಾಗೆ ಬಿಗಿಯುತ್ತದೆ.

ಅರ್ಧ ಕೆಜಿ ರದ್ದಿ ಪೇಪರನ್ನು ಬೆರಳುಗುರಿನಷ್ಟು ಚೂರು ಮಾಡಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಒಂದು ಮಧ್ಯಾಹ್ನ ಮನೆ ಶಾಂತ. ಎರಡು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಒಂದು ದೊಡ್ಡ ಹಿಡಿ ಮೆಂತ್ಯ ಅರೆಯುವ ಹಿಂದಿನ ರಾತ್ರಿ ನೆನೆಸಿ. ಎರಡನ್ನೂ ನುಣ್ಣಗೆ ಅರೆಯಿರಿ. ಮಿಕ್ಸಿ ಬೇಡ, ನಾನು ಒಂದು ಜಾರು ಸುಟ್ಟುಕೊಂಡಿದ್ದೇನೆ. ಒರಳು ಇದ್ದರೆ ಚಿನ್ನ, ಇಲ್ಲದಿದ್ದರೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರ್, ಸ್ವಲ್ಪ ಸ್ವಲ್ಪವೇ ಹಾಕಿ. ರೊಟ್ಟಿ ಹಿಟ್ಟಿನ ಹದಕ್ಕೆ ಬರಬೇಕು. ಹಿಂಡಿದರೆ ನೀರು ಜಿನುಗಬಾರದು, ಬಿಟ್ಟರೆ ಬಿರಿಯಬಾರದು. ಒಂದು ಬೋಸಿಯನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ರೊಟ್ಟಿ ತಟ್ಟುವ ಹಾಗೆ ತಟ್ಟುತ್ತಾ ಹೋಗಿ. ಕಿರುಬೆರಳಿನ ದಪ್ಪ ಸಾಕು. ಅಂಚು ಮಾತ್ರ ಸ್ವಲ್ಪ ಜಾಸ್ತಿ ದಪ್ಪ ಇರಲಿ, ಮೊದಲು ಮುರಿಯುವುದು ಅದೇ. ಒಂದೆರಡು ದಿನ ಬಿಸಿಲು ಕಂಡು ಗಟ್ಟಿಯಾದ ಮೇಲೆ ಬೋಸಿಯಿಂದ ಬಿಡಿಸಿ, ಬುಟ್ಟಿಯ ಒಳಮೈಯನ್ನು ಮತ್ತೆ ಎರಡು ಮೂರು ದಿನ ಒಣಗಿಸಿ. ಕೊನೆಗೆ ಬರೀ ಮೆಂತ್ಯದ ಹಿಟ್ಟು ತೆಳ್ಳಗೆ ಸವರಿದರೆ ಮೈ ನಯವಾಗುತ್ತದೆ. ಬಣ್ಣ ಹಚ್ಚುವುದು, ಟೈಲರ್ ಚಿಂದಿ ಅಂಟಿಸುವುದು ಮಕ್ಕಳ ಇಷ್ಟ.

ನಮ್ಮ ಮೊದಲ ಬುಟ್ಟಿ ಏನಾಯಿತು ಗೊತ್ತಾ? ಜುಲೈನಲ್ಲಿ ಮಾಡಿದ್ದೆವು. ನಾಲ್ಕನೇ ದಿನ ಬೂದಿಬಣ್ಣದ ಬೂಸ್ಟು ಬಂದು ಮೀಸೆ ಮೂಡಿದ ಹಾಗಾಯಿತು, ಮನೆಯೆಲ್ಲಾ ವಾಸನೆ. ಅವ್ವನಿಗೆ ಫೋನ್ ಮಾಡಿದರೆ ನಕ್ಕಿದ್ದೇ ನಕ್ಕಿದ್ದು. "ಮಳ್ಯಾಗ ಹಪ್ಪಳಾ ಮಾಡ್ತೀಯೇನವಾ? ಇದೂ ಹಂಗ." ಬೇಸಿಗೆಯಲ್ಲೇ ಮಾಡಬೇಕು ಅನ್ನುವುದು ಅವತ್ತು ತಿಳಿಯಿತು. ಈಗ ನಮ್ಮಲ್ಲಿ ನಾಲ್ಕು ಬುಟ್ಟಿ ಇವೆ. ದಾರದುಂಡೆ, ಪೆನ್ನು, ಬಟ್ಟೆ ಕ್ಲಿಪ್ಪು ಹಾಕಿಡುತ್ತೇವೆ. ತಿನ್ನುವ ಪದಾರ್ಥ ಮಾತ್ರ ಹಾಕಬೇಡಿ. ಪತ್ರಿಕೆಯ ಮಸಿ ಆಹಾರಕ್ಕೆ ತಾಗಬಾರದು, ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳುತ್ತಲೇ ಬಂದಿದೆ.

ಎರಡನೆಯದು ಕೌದಿ. ಇದರಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ತವರಿನ ವಸ್ತು. ಹಳೆ ಸೀರೆ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು, ಕೈಯಲ್ಲಿ ಸಾಲಾಗಿ ಹೊಲಿಯುವುದು. ಐದೂವರೆ ಮೀಟರಿನ ಒಂದು ಸೀರೆಯಿಂದ ಎರಡೂಕಾಲು ಮೀಟರಿನ ಎರಡು ತುಂಡು ತೆಗೆದು ಪಕ್ಕಪಕ್ಕ ಜೋಡಿಸಿದರೆ ಇಬ್ಬರು ಹೊದೆಯುವಷ್ಟು ಒಂದು ಪದರ. ಮೂರು ಪದರಕ್ಕೆ ಮೂರು ಸೀರೆ. ಉಳಿದ ಸೆರಗಿನ ತುಂಡು ಮೇಲಿನ ಅಲಂಕಾರಕ್ಕೆ. ಆದರೆ ಮೊದಲೇ ಇಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ, ಮುಗಿಯುವುದಿಲ್ಲ, ಮಕ್ಕಳು ಬಿಟ್ಟು ಓಡುತ್ತಾರೆ. ಒಂದೂವರೆ ಅಡಿ ಚೌಕದ ಕೂರುವ ಆಸನ ಮಾಡಿ. ನಮ್ಮ ಮಗಳು ಹತ್ತು ವರ್ಷದವಳಿದ್ದಾಗ ಒಂದು ವಾರದಲ್ಲಿ ಮುಗಿಸಿದಳು. ಮಗ ಸೂಜಿಗೆ ದಾರ ಪೋಣಿಸುವ ಕೆಲಸಕ್ಕೆ ಕೂತ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ರೀತಿ ಕಲಿಯುವವರಿಗೆ ಸುಲಭ. ಅವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಬಟ್ಟೆ ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸುವ ರಗಳೆ ಇಲ್ಲ. ತುಂಡನ್ನು ಇಟ್ಟು, ಅಂಚನ್ನು ಒಳಗೆ ಮಡಚಿ, ಕೆಳಗಿನ ಪದರಗಳ ಸಮೇತ ಹೊಲಿದುಕೊಂಡು ಹೋಗುವುದು. ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯ ಪುಟ್ಟ ಮಡಿಕೆಗಳು, ಹೂವು ಮೂಡಿದ ಹಾಗೆ. ಮಕ್ಕಳ ಹೊಲಿಗೆ ಸೊಟ್ಟಗೆ ಬಂದರೂ ಇದರಲ್ಲಿ ಒಪ್ಪುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಇದ್ದರೆ ಒಗೆದಾಗ ಪದರ ಮುದುಡುವುದಿಲ್ಲ.

ಬಟ್ಟೆ ಆರಿಸುವಾಗ ಎರಡು ಪರೀಕ್ಷೆ ಮಾಡಿ. ಒಂದು ಎಳೆ ಕಿತ್ತು ದೊಡ್ಡವರು ಬೆಂಕಿಗೆ ಹಿಡಿಯಿರಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತದೆ. ಅದು ಬೆವರು ಹೀರುವುದಿಲ್ಲ, ಹೊದೆಯಲು ಬೇಡ, ಕಾಲೊರೆಸಿಗೆ ಇಟ್ಟುಕೊಳ್ಳಿ. ಎರಡನೆಯದು ಬಣ್ಣ ಬಿಡುತ್ತದಾ ಅಂತ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಉಜ್ಜಿ ನೋಡಿ. ನಾನು ಇದನ್ನು ಮಾಡದೆ ಒಂದು ಕೆಂಪು ಬ್ಲೌಸ್ ತುಂಡು ಸೇರಿಸಿದೆ, ಅಂಗೈಯಗಲ ಅಷ್ಟೇ. ಮೊದಲ ಒಗೆತಕ್ಕೆ ಅತ್ತೆಯ ಬಿಳಿ ಸೀರೆಯ ಪದರವೆಲ್ಲ ಗುಲಾಬಿ. ಎರಡು ತಿಂಗಳ ಕೆಲಸ. ಅತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು. ಕೌದಿ ಈಗಲೂ ಇದೆ, ಮಗ ಅದನ್ನೇ ಹೊದೆಯುತ್ತಾನೆ.

ಖರ್ಚಿನ ಮಾತು ಎತ್ತಿದ್ದಿರಲ್ಲ. ದೊಡ್ಡ ಕೌದಿಗೆ ದಾರ, ಸೂಜಿ, ಒಂದು ಬೆರಳ ಟೋಪಿ ಸೇರಿ ನನಗೆ ಇನ್ನೂರರ ಒಳಗೆ ಆಯಿತು.

ಗುಜರಿ ವಸ್ತುಗಳ ಬಗ್ಗೆ ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಹಳೆ ಬಣ್ಣ ಬಳಿದ ಕುರ್ಚಿ, ತೊಟ್ಟಿಲು, ಆಟಿಕೆ ತಂದರೆ ಮಕ್ಕಳ ಕೈಗೆ ಉಪ್ಪು ಕಾಗದ ಕೊಡಬೇಡಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆ ಬಣ್ಣದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು, ಉಜ್ಜಿದರೆ ಆ ಪುಡಿ ಮೂಗಿಗೆ, ಬಾಯಿಗೆ. ಬಣ್ಣ ಇಲ್ಲದ ಮರವನ್ನೇ ಆರಿಸಿ. ಇನ್ನು ಹಿತ್ತಾಳೆ ಅಂತ ಹೇಳಿ ಕೊಟ್ಟರೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ತಾಗಿಸಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಬರೀ ಲೇಪ. ನಿಜವಾದ ಹಿತ್ತಾಳೆ ಪಾತ್ರೆ ಸಿಕ್ಕಿತು ಅಂತ ಖುಷಿಯಲ್ಲಿ ಹುಳಿಸಾರು ಮಾಡಲು ಹೋಗಬೇಡಿ, ಕಲಾಯಿ ಹಾಕಿಸದೆ ಹುಳಿ ಪದಾರ್ಥ ಅದರಲ್ಲಿ ಕುದಿಸಬಾರದು. ಗಿಡ ನೆಡಲು ಚೆನ್ನಾಗಿರುತ್ತದೆ.

ನೀವು ಯಾವ ಊರು ಅಂತ ಬರೆದಿಲ್ಲ. ಎಲ್ಲಾದರೂ ಆಗಲಿ, ಬಿಸಿಲು ಇರುವಾಗ ಬುಟ್ಟಿ ಮುಗಿಸಿಕೊಳ್ಳಿ, ಕೌದಿಯನ್ನು ಮಳೆಗಾಲಕ್ಕೆ ಬಿಡಿ, ಅದು ಒಳಗೆ ಕೂತು ಮಾಡುವ ಕೆಲಸ. ಮತ್ತೆ, ಉತ್ಸಾಹಕ್ಕೆ ಇವತ್ತೇ ಮೆಂತ್ಯ ನೆನೆಹಾಕಬೇಡಿ. ಪೇಪರಿಗೆ ಎರಡು ದಿನ ಬೇಕು, ಅಷ್ಟರಲ್ಲಿ ಮೆಂತ್ಯ ಮೊಳಕೆ ಬಂದು ಪಲ್ಯಕ್ಕೇ ಹೋಗುತ್ತದೆ.