ಚಾಕು ತೋರಿಸಿ ಬೈಕ್ ಒಯ್ದರೆ ಅದು ಕಳವೇ, ಸುಲಿಗೆಯೇ?

ಪ್ರಶ್ನೆ: ಕಳೆದ ವಾರ ರಾತ್ರಿ ನನ್ನ ತಮ್ಮ ಶಿರಾ ಕಡೆಯಿಂದ ಹೆದ್ದಾರಿಯಲ್ಲಿ ಬರುತ್ತಿದ್ದಾಗ ಇಬ್ಬರು ಅಡ್ಡಗಟ್ಟಿ, ಚಾಕು ತೋರಿಸಿ ಬೈಕ್ ಕಿತ್ತುಕೊಂಡು ಹೋದರು. ಠಾಣೆಯಲ್ಲಿ ‘ವಾಹನ ಕಳವು’ ಎಂದು ದೂರು ಬರೆದುಕೊಡಲು ಹೇಳುತ್ತಿದ್ದಾರೆ. ಇದರಿಂದ ವ್ಯತ್ಯಾಸವಾಗುತ್ತದೆಯೇ? ವಿಮೆ ಸಿಗುವುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಬಹಳ ವ್ಯತ್ಯಾಸವಾಗುತ್ತದೆ. ನಿಲ್ಲಿಸಿದ್ದ ಬೈಕನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಒಯ್ದರೆ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನಡಿ ಸಾಮಾನ್ಯವಾಗಿ ಕಳವಿನ ಪ್ರಕರಣ ದಾಖಲಾಗುತ್ತದೆ. ಮೊದಲ ಅಪರಾಧಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಸರಕು ಅಥವಾ ಪ್ರಯಾಣಿಕರ ಸಾಗಣೆಗೆ ಬಳಸುವ ವಾಹನವನ್ನು ಕದ್ದರೆ 305ನೇ ಕಲಮಿನಡಿ 7 ವರ್ಷದವರೆಗೂ ಆಗಬಹುದು.

ಕದಿಯುವುದಕ್ಕಾಗಿ, ಇಲ್ಲವೇ ಕದ್ದದ್ದನ್ನು ಒಯ್ಯುವುದಕ್ಕಾಗಿ ಹಲ್ಲೆ ಮಾಡಿದರೆ, ಅಡ್ಡಗಟ್ಟಿದರೆ ಅಥವಾ ತಕ್ಷಣ ಪೆಟ್ಟು ಬೀಳುವ ಭಯ ಹುಟ್ಟಿಸಿದರೆ ಅದೇ ಕೃತ್ಯ 309ನೇ ಕಲಮಿನ ಸುಲಿಗೆಯಾಗುತ್ತದೆ. ಇಲ್ಲಿ ನೋಡಬೇಕಾದದ್ದು ಬಲಪ್ರಯೋಗದ ಉದ್ದೇಶ. ಮನೆಯ ಮುಂದಿನ ಬೈಕ್ ತಳ್ಳಿಕೊಂಡು ಹೊರಟ ಕಳ್ಳನು ಹಿಡಿಯಲು ಬಂದ ಮಾಲೀಕರನ್ನು ದಬ್ಬಿ ಗಾಯಗೊಳಿಸಿ ಬೈಕಿನೊಂದಿಗೆ ಹೋದರೆ ಕಳವು ಸುಲಿಗೆಯಾಗಿಬಿಡುತ್ತದೆ. ಬೈಕನ್ನು ಅಲ್ಲೇ ಬಿಟ್ಟು, ತಾನು ತಪ್ಪಿಸಿಕೊಳ್ಳಲೆಂದಷ್ಟೇ ಕಲ್ಲೆಸೆದು ಓಡಿದರೆ ಅದು ಸುಲಿಗೆಯಲ್ಲ, ಕಲ್ಲೆಸೆತಕ್ಕೆ ಬೇರೆ ಕಲಮು ಅನ್ವಯಿಸುತ್ತದೆ.

ಸುಲಿಗೆಗೆ 10 ವರ್ಷದವರೆಗೆ ಕಠಿಣ ಶಿಕ್ಷೆಯಿದ್ದು, ಹೆದ್ದಾರಿಯಲ್ಲಿ ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ನಡೆದರೆ 14 ವರ್ಷದವರೆಗೆ ವಿಧಿಸಬಹುದು. ಮಾರಕಾಸ್ತ್ರ ಬಳಸಿದ್ದರೆ 311ನೇ ಕಲಮಿನಂತೆ ಶಿಕ್ಷೆ 7 ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಇರಿದಿರಲೇಬೇಕೆಂದಿಲ್ಲ, ಎದುರಿನವರಿಗೆ ಕಾಣುವಂತೆ ಚಾಕು ಹಿಡಿದು ಬೆದರಿಸಿದರೂ ಅದು ಬಳಕೆಯೇ ಎಂದು ಹಳೆಯ ದಂಡ ಸಂಹಿತೆಯ ಕಾಲದಲ್ಲೇ, 1975ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಐವರು ಅಥವಾ ಹೆಚ್ಚು ಮಂದಿ ಸೇರಿ ಮಾಡಿದ್ದರೆ ಅದು ದರೋಡೆ.

ಆದ್ದರಿಂದ ದೂರಿನಲ್ಲಿ ಸ್ಥಳ, ಸಮಯ, ಅಡ್ಡಗಟ್ಟಿದ ರೀತಿ, ಚಾಕು ಯಾರ ಕೈಯಲ್ಲಿತ್ತು ಎಂಬುದನ್ನೆಲ್ಲ ನಿಮ್ಮ ತಮ್ಮ ನಡೆದಂತೆಯೇ ಬರೆಯಲಿ. ಠಾಣೆಯವರ ಅನುಕೂಲಕ್ಕಾಗಿ ‘ನಿಲ್ಲಿಸಿದ್ದ ಬೈಕ್ ಕಾಣೆಯಾಗಿದೆ’ ಎಂದು ಬರೆದುಕೊಟ್ಟರೆ ಮುಂದೆ ಪಾಟೀಸವಾಲಿನಲ್ಲಿ ಆ ಸಾಲೇ ಅವರಿಗೆ ಮುಳುವಾಗುತ್ತದೆ. ಎಫ್‌ಐಆರ್ ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳುಹಿಸಬಹುದು. ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ವಿಮೆ ಥರ್ಡ್ ಪಾರ್ಟಿ ಮಾತ್ರ ಆಗಿದ್ದರೆ ಬೈಕಿಗೆ ಏನೂ ಸಿಗದು. ಸಮಗ್ರ ವಿಮೆಯಿದ್ದರೆ ಇಂದೇ ಕಂಪನಿಗೆ ಲಿಖಿತವಾಗಿ ತಿಳಿಸಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದಲ್ಲಿ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ಬೈಕ್ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ರಿಪೋರ್ಟಿನ ಪ್ರತಿಯನ್ನೂ ಕಂಪನಿ ಕೇಳುತ್ತದೆ.